ರಾತ್ರಿ 2 ಗಂಟೆಗೆ ಅವ್ವ ಕರೆದರೆ ಯಾರು ಬರುತ್ತಾರೆ? ಆರೈಕೆ ಮನೆ ಹುಡುಕುವವರಿಗೆ

"ಅಪ್ಪ ಹೋದ ಮೇಲೆ ಅವ್ವ ದಾವಣಗೆರೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾವು ಬೆಂಗಳೂರಲ್ಲಿ. ಬಾ ಅಂದ್ರೆ ಬರಲ್ಲ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಳು. ಈ ಅಸಿಸ್ಟೆಡ್ ಲಿವಿಂಗ್ ಅಂತಾರಲ್ಲ, ಅದು ನಮ್ಮಂಥವರಿಗೆ ಆಗುತ್ತಾ?"

ಊರು ಒಮ್ಮೆ ಹರಿಹರ, ಒಮ್ಮೆ ಚಳ್ಳಕೆರೆ, ಒಮ್ಮೆ ಹೊಸದುರ್ಗ. ಜನ ನನ್ನನ್ನು ಕೇಳುವುದು ಮಾತ್ರ ಇದನ್ನೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ವೃದ್ಧಾಶ್ರಮ ಎಂದರೆ ಇರಲು ಜಾಗ, ಊಟ, ಜೊತೆಗೆ ನಾಲ್ಕು ಜನ. ಅಲ್ಲಿರುವವರು ಹೆಚ್ಚಾಗಿ ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು. ಸೀನಿಯರ್ ಲಿವಿಂಗ್ ಎಂದರೆ ಗಟ್ಟಿಮುಟ್ಟಾಗಿರುವ ಹಿರಿಯರಿಗಾಗಿ ಕಟ್ಟಿದ ಮನೆಗಳು, ಫ್ಲಾಟ್‌ಗಳು. ಅಸಿಸ್ಟೆಡ್ ಲಿವಿಂಗ್ ಇವೆರಡಕ್ಕಿಂತ ಬೇರೆ. ಸ್ನಾನ, ಬಟ್ಟೆ, ಶೌಚ, ಮಾತ್ರೆ ಇಂಥ ದಿನದ ಕೆಲಸಗಳಿಗೆ ಅಲ್ಲಿ ಸಹಾಯಕರು ಇರುತ್ತಾರೆ. ಆದರೆ ಅದು ಆಸ್ಪತ್ರೆಯಲ್ಲ. ಮೂಗಿನ ನಳಿಗೆ, ಆಮ್ಲಜನಕ, ದೊಡ್ಡ ಗಾಯದ ಡ್ರೆಸ್ಸಿಂಗ್ ಬೇಕಾದವರಿಗೆ ದಿನವಿಡೀ ನರ್ಸ್ ಇರುವ ಜಾಗವೇ ಆಗಬೇಕು. ಅದನ್ನು ನರ್ಸಿಂಗ್ ಕೇರ್ ಅನ್ನುತ್ತಾರೆ. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ ಅಲ್ವಾ? ಅಮೆರಿಕದಲ್ಲಿರುವ ಮಗ "ನರ್ಸಿಂಗ್ ಹೋಮ್ ನೋಡಿ" ಎಂದಾಗ ಅವನ ಮನಸ್ಸಿನಲ್ಲಿರುವುದು ಈ ನರ್ಸಿಂಗ್ ಕೇರ್ ಜಾಗ. ಈ ಒಂದು ಪದಕ್ಕೆ ಅಣ್ಣತಮ್ಮಂದಿರು ಫೋನಿನಲ್ಲಿ ಜಗಳ ಆಡಿದ್ದನ್ನು ಕೇಳಿದ್ದೇನೆ.

ಬೋರ್ಡಿನ ಮೇಲೆ ಏನೇ ಬರೆದಿರಲಿ, ನಾನು ಕೇಳುವ ಪ್ರಶ್ನೆ ಒಂದೇ. ರಾತ್ರಿ 2 ಗಂಟೆಗೆ ಅವ್ವ ಮೂತ್ರಕ್ಕೆ ಏಳಬೇಕು ಎಂದು ಕರೆದರೆ, ಯಾರು ಬರುತ್ತಾರೆ? ಎಷ್ಟು ಹೊತ್ತಿಗೆ ಬರುತ್ತಾರೆ?

1. ಒಂದು ವಾರ ಜೊತೆಗಿದ್ದು ಬರೆದಿಡಿ

ಜಾಗ ಹುಡುಕುವ ಮೊದಲು ಅವರಿಗೆ ಏನು ಬೇಕು ಎಂದು ತಿಳಿಯಬೇಕು. ಫೋನಿನಲ್ಲಿ ಕೇಳಿದರೆ "ಎಲ್ಲಾ ಆರಾಮ" ಎಂದೇ ಉತ್ತರ. ರಜೆ ಹಾಕಿ ಒಂದು ವಾರ ಮನೆಯಲ್ಲಿರಿ. ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಮಗ ಬಂದ ಖುಷಿಗೆ ಅವ್ವ ಎದ್ದು ಒಗ್ಗರಣೆಯನ್ನೂ ಹಾಕುತ್ತಾಳೆ. ಮೂರನೇ ದಿನದಿಂದ ನಿಜ ಕಾಣುತ್ತದೆ.

ವೈದ್ಯರು ಮುಖ್ಯವಾಗಿ ಆರು ಕೆಲಸ ನೋಡುತ್ತಾರೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು. ಇದಕ್ಕೆ ಎಡಿಎಲ್ ಎನ್ನುತ್ತಾರೆ, ಅಂದರೆ ದಿನನಿತ್ಯದ ಮೂಲ ಕೆಲಸಗಳು. 1963ರಲ್ಲಿ ಪ್ರಕಟವಾದ ಕಾಟ್ಜ್ ಪಟ್ಟಿ ಇದು. ಈಗಲೂ ಬಳಕೆಯಲ್ಲಿದೆ. ಒಂದೊಂದರ ಮುಂದೆ ಹೀಗೆ ಬರೆಯಿರಿ: ತಾನೇ ಮಾಡುತ್ತಾಳೆ, ಪಕ್ಕದಲ್ಲಿ ಯಾರಾದರೂ ನಿಂತರೆ ಸಾಕು, ಕೈ ಹಿಡಿಯಬೇಕು, ಪೂರ್ತಿ ನಾವೇ ಮಾಡಬೇಕು.

ಆಮೇಲೆ ಇನ್ನೊಂದು ಪಟ್ಟಿ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರಾ, ದುಡ್ಡಿನ ಲೆಕ್ಕ ಇಡುತ್ತಾರಾ, ಫೋನ್ ಮಾಡುತ್ತಾರಾ, ಗ್ಯಾಸ್ ಆಫ್ ಮಾಡುತ್ತಾರಾ. ಸಾಮಾನ್ಯವಾಗಿ ಮೊದಲು ಕೈ ತಪ್ಪುವುದು ಈ ಕೆಲಸಗಳೇ. ಮಾತ್ರೆ ಡಬ್ಬಿ ಎಣಿಸಿ ನೋಡಿ, ಗೊತ್ತಾಗುತ್ತದೆ.

ರಾತ್ರಿಯ ಲೆಕ್ಕವನ್ನು ಬೇರೆಯಾಗಿ ಬರೆಯಿರಿ. ಎಷ್ಟು ಸಲ ಎದ್ದರು, ದಾರಿ ತಪ್ಪಿದರಾ, ಬಾಗಿಲು ತೆಗೆದು ಹೊರಗೆ ಹೊರಟರಾ. ಹಗಲಲ್ಲಿ ಅಕ್ಕಪಕ್ಕದವರು ನೋಡಿಕೊಳ್ಳಬಹುದು. ಮನೆ ಸಾಕಾಗುವುದಿಲ್ಲ ಎಂದು ತೀರ್ಮಾನ ಆಗುವುದು ಬಹಳ ಸಲ ರಾತ್ರಿಯಿಂದಲೇ.

2. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ

"ವಯಸ್ಸಾಯ್ತು, ಮರೆವು" ಎಂದು ನಾವೇ ಷರಾ ಬರೆದುಬಿಡುತ್ತೇವೆ. ಆದರೆ ವಿಟಮಿನ್ ಬಿ12 ಕಡಿಮೆ ಆದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ. ಮೂತ್ರದ ಸೋಂಕು ಒಂದೆರಡು ದಿನದಲ್ಲೇ ಗೊಂದಲ ಹುಟ್ಟಿಸಬಹುದು. ಕಿವಿ ಕೇಳದವರು ಮರೆತವರಂತೆ ಕಾಣುತ್ತಾರೆ. ಗಂಡ ತೀರಿಕೊಂಡ ಮೇಲಿನ ಖಿನ್ನತೆಯೂ ಹಾಗೇ. ಇವಕ್ಕೆಲ್ಲ ಚಿಕಿತ್ಸೆ ಇದೆ. ಪರೀಕ್ಷೆ ಮಾಡಿಸದೆ ಮನೆ ಬಿಡಿಸುವುದು ಅನ್ಯಾಯ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್‌.ಎಸ್. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಚಿತ್ರದುರ್ಗದವರಿಗೆ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ನಾಟಿ ಔಷಧಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನಿದ್ದೆ ಮಾತ್ರೆ, ಎಲ್ಲವೂ ಇರಲಿ. ಬಿ.ಪಿ.ಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಹೇಳಿ. ನಿಂತ ಕೂಡಲೇ ಬಿ.ಪಿ. ಇಳಿಯುವವರು ಬಚ್ಚಲಲ್ಲಿ ಬೀಳುತ್ತಾರೆ. ನಾವು ಟೈಲ್ಸ್ ಮೇಲೆ ತಪ್ಪು ಹಾಕುತ್ತೇವೆ.

3. ಅವರನ್ನೇ ಕೇಳಿ

ಸಣ್ಣ ಹಂತ, ಆದರೆ ಬಿಡಬೇಡಿ. "ಟೆಂಪಲ್‌ಗೆ ಹೋಗಿ ಬರೋಣ" ಎಂದು ಕಾರು ಹತ್ತಿಸಿ ಆರೈಕೆ ಮನೆಗೆ ಬಿಟ್ಟು ಬಂದವರಿದ್ದಾರೆ. ಮರೆವಿನ ಕಾಯಿಲೆ ಇರುವವರಲ್ಲೂ ಆ ಮೋಸದ ನೋವು ಉಳಿಯಬಹುದು. ಏನು ಬಿಟ್ಟು ಬರಲು ಆಗುವುದಿಲ್ಲ ಎಂದು ಕೇಳಿ. ತುಳಸಿ ಕಟ್ಟೆಯೋ, ಓಣಿಯ ಗೆಳತಿಯೋ, ಸಂಜೆಯ ಧಾರಾವಾಹಿಯೋ ಇರಬಹುದು. ಉತ್ತರ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

4. ಮೂರು ದಾರಿಗಳನ್ನು ಅಳೆಯಿರಿ

ಮೊದಲನೆಯದು ಮನೆಯಲ್ಲೇ ಸಹಾಯಕರನ್ನು ಇಡುವುದು. ಆರು ಕೆಲಸಗಳಲ್ಲಿ ಒಂದೆರಡಕ್ಕೆ ಮಾತ್ರ ಸಹಾಯ ಬೇಕಿದ್ದರೆ ಮೊದಲು ಇದನ್ನೇ ನೋಡಿ. ಬಚ್ಚಲಿಗೆ ಹಿಡಿಕೆ, ಎತ್ತರದ ಕಮೋಡ್, ಹಾಸಿಗೆಯಿಂದ ಬಚ್ಚಲ ತನಕ ರಾತ್ರಿ ದೀಪ, ಹೊರಗೆ ತೆರೆಯುವ ಬಾಗಿಲು. ಬಿದ್ದವರು ಒಳಗೆ ಬಾಗಿಲಿಗೆ ಅಡ್ಡವಾಗಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಒಳಗಿನ ಚಿಲಕ ತೆಗೆಸಿಬಿಡಿ. ಕಷ್ಟ ಏನೆಂದರೆ, ಸಹಾಯಕಿ ಹಬ್ಬಕ್ಕೆ ಊರಿಗೆ ಹೋದ ದಿನ ಯಾರು? ಯುಗಾದಿ, ದೀಪಾವಳಿ, ದುಗ್ಗಮ್ಮನ ಜಾತ್ರೆ, ಈ ದಿನಗಳಿಗೆ ಮೊದಲೇ ಬದಲಿ ವ್ಯವಸ್ಥೆ ಬೇಕು.

ಎರಡನೆಯದು ನಮ್ಮ ಜಿಲ್ಲೆಯೊಳಗೇ ಆರೈಕೆ ಇರುವ ಜಾಗ. ಬೆಂಗಳೂರಿನಲ್ಲಿರುವಷ್ಟು ಆಯ್ಕೆ ಇಲ್ಲಿಲ್ಲ. ವೃದ್ಧಾಶ್ರಮ ಎಂದು ಬೋರ್ಡ್ ಇರುವ ಕಡೆಯೂ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾರಾ ಎಂದು ಕೇಳಿ. ಜಿಲ್ಲೆಯಲ್ಲಿ ನೋಂದಾಯಿತ ಸಂಸ್ಥೆಗಳು ಯಾವುವು ಎಂದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. 14567 ಹಿರಿಯರ ಸಹಾಯವಾಣಿಗೆ ಫೋನ್ ಮಾಡಿಯೂ ಕೇಳಬಹುದು.

ಮೂರನೆಯದು ಬೆಂಗಳೂರು. ಮಕ್ಕಳು ಅಲ್ಲೇ ಇದ್ದರೆ ಸರಿ. ಮಕ್ಕಳು ಹೊರದೇಶದಲ್ಲಿದ್ದು, ನೆಂಟರೆಲ್ಲ ದಾವಣಗೆರೆಯಲ್ಲಿದ್ದರೆ ಯೋಚಿಸಿ. ಸುಮಾರು 260 ಕಿಲೋಮೀಟರ್ ದಾಟಿ ವಾರಕ್ಕೊಮ್ಮೆ ಹೋಗಿ ನೋಡುವವರು ಯಾರು? ಚೆಂದದ ಲಾನ್ ಇರುವ ದೂರದ ಜಾಗಕ್ಕಿಂತ, ತಂಗಿಯ ಮಗ ಸ್ಕೂಟರ್‌ನಲ್ಲಿ ಸಂಜೆ ಹೋಗಿ ಬರುವಂಥ ಸಾಧಾರಣ ಜಾಗ ಮೇಲು. ನನ್ನ ಲೆಕ್ಕದಲ್ಲಿ, ಹೇಳದೆ ಕೇಳದೆ ಬಂದು ಹೋಗುವ ನೆಂಟರಷ್ಟು ಒಳ್ಳೆಯ ಕಾವಲು ಬೇರೆ ಇಲ್ಲ.

5. ಎರಡು ಸಲ ಹೋಗಿ, ಒಂದು ಸಲ ಹೇಳದೆ ಹೋಗಿ

ಮೊದಲ ಸಲ ಹೇಳಿ ಹೋಗಿ. ಅವರು ತೋರಿಸುವುದನ್ನೆಲ್ಲ ನೋಡಿ. ಎರಡನೇ ಸಲ ಭಾನುವಾರ ಸಂಜೆ ಏಳರ ಹೊತ್ತಿಗೆ ಹೋಗಿ. ಮ್ಯಾನೇಜರ್ ಇರುವುದಿಲ್ಲ, ಪಾಳಿ ಬದಲಾಗುವ ಸಮಯ. ಜಾಗದ ನಿಜವಾದ ಮುಖ ಆಗ ಕಾಣುತ್ತದೆ.

ರಿಸೆಪ್ಷನ್ ಬಿಡಿ, ಅಲ್ಲಿರುವ ಹಿರಿಯರನ್ನು ನೋಡಿ. ಉಗುರು ಕತ್ತರಿಸಿದ್ದಾರಾ? ತುಟಿ ಒಣಗಿದೆಯಾ? ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿದ್ದರೆ ನಿದ್ದೆ ಮಾತ್ರೆ ಜಾಸ್ತಿ ಕೊಡುತ್ತಿದ್ದಾರೇನೋ ಎಂದು ಅನುಮಾನಿಸಿ. ಯಾರನ್ನಾದರೂ ಕುರ್ಚಿಗೆ ಬಟ್ಟೆಯಿಂದ ಕಟ್ಟಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ರಾತ್ರಿಯ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳಿ. "ರಾತ್ರಿ ಸಿಬ್ಬಂದಿ ಇರುತ್ತಾರಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಹೀಗೆ ಕೇಳಿ: ಎಷ್ಟು ಹಿರಿಯರಿಗೆ ಎಷ್ಟು ಜನ? ಅವರು ಎಚ್ಚರ ಇರುತ್ತಾರಾ, ಮಲಗುತ್ತಾರಾ? ಅವರಲ್ಲಿ ಹೆಂಗಸರು ಎಷ್ಟು? ಕರೆಗಂಟೆ ಹಾಸಿಗೆಯಲ್ಲಿ ಮಲಗಿದವರ ಕೈಗೆ ಎಟಕುತ್ತದಾ? ಆಮೇಲೆ ನೀವೇ ಗಂಟೆ ಒತ್ತಿ ಗಡಿಯಾರ ನೋಡಿ. ನಮ್ಮ ದೊಡ್ಡಪ್ಪನನ್ನು ಸೇರಿಸಿದ ಕಡೆ ಗಂಟೆ ಇತ್ತು, ವೈರ್ ಇರಲಿಲ್ಲ. ಅದು ನಮಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಬೆಡ್‌ಸೋರ್ ಬಗ್ಗೆ ಕೇಳಲೇಬೇಕು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದಾಗ ಒತ್ತಡಕ್ಕೆ ಚರ್ಮ ಕೊಳೆತು ಆಗುವ ಹುಣ್ಣು ಅದು. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಂದರೆ ರಾತ್ರಿಯಲ್ಲೂ ನಾಲ್ಕೈದು ಸಲ. ಅದನ್ನು ಬರೆದಿಡುವ ಚಾರ್ಟ್ ತೋರಿಸಿ ಅನ್ನಿ. ಇಡೀ ವಾರದ ಗುರುತುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿದ್ದರೆ, ಯಾರೋ ಕೂತು ಒಟ್ಟಿಗೆ ತುಂಬಿದ್ದಾರೆ.

ಆಪತ್ತಿನಲ್ಲಿ ಏನು ಮಾಡುತ್ತಾರೆ? 108ಕ್ಕೆ ಯಾರು ಫೋನ್ ಮಾಡುತ್ತಾರೆ, ಯಾವ ಆಸ್ಪತ್ರೆಗೆ, ಜೊತೆಗೆ ಯಾರು ಹೋಗುತ್ತಾರೆ, ನೀವು ಬರುವ ತನಕ ಅಲ್ಲಿ ಯಾರು ಕೂರುತ್ತಾರೆ? "ನಿಮಗೆ ಫೋನ್ ಮಾಡ್ತೀವಿ" ಎಂಬುದು ಉತ್ತರವಲ್ಲ. ಒಳಗೇ ಚಿಕಿತ್ಸೆ ಕೊಡುತ್ತೇವೆ ಎನ್ನುವವರಾದರೆ ಕೆಪಿಎಂಇ ನೋಂದಣಿ ಪತ್ರ ತೋರಿಸಲು ಹೇಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ರಾಜ್ಯದಲ್ಲಿರುವ 2007ರ ಕಾಯ್ದೆಯ ನೋಂದಣಿ ಅದು.

ಊಟದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮವರು ಇಲ್ಲೇ ಎಡವುತ್ತಾರೆ. ಚಿತ್ರದುರ್ಗದ ಕಡೆಯವರಿಗೆ ಮುದ್ದೆ ಇಲ್ಲದಿದ್ದರೆ ಊಟ ಆದಂತಲ್ಲ. ಹಲ್ಲಿಲ್ಲದವರಿಗೆ ಮುದ್ದೆ ಒಳ್ಳೆಯದು, ಸುಮ್ನೆ ನುಂಗಬಹುದು ಎಂಬ ನಂಬಿಕೆ ಬೇರೆ. ಆದರೆ ಪಾರ್ಶ್ವವಾಯು ಆದವರಿಗೆ, ಪಾರ್ಕಿನ್ಸನ್ ಇದ್ದವರಿಗೆ ನುಂಗುವ ಶಕ್ತಿಯೇ ಕಡಿಮೆ ಆಗಿರುತ್ತದೆ. ಅಂಥವರ ಗಂಟಲಲ್ಲಿ ಮುದ್ದೆ ಸಿಕ್ಕಿಕೊಳ್ಳಬಹುದು. ಊಟದಲ್ಲಿ ಪದೇ ಪದೇ ಕೆಮ್ಮುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಊಟ ಎಷ್ಟು ಮೆತ್ತಗಿರಬೇಕು ಎಂದು ಅವರಿಂದಲೇ ಬರೆಸಿಕೊಂಡು ಆ ಚೀಟಿಯನ್ನು ಅಡುಗೆಮನೆಗೆ ಕೊಡಿ.

ಇನ್ನೊಂದು ವಿಷಯ ಪೂಜೆ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಹಿರಿಯರು ನಮ್ಮ ಕಡೆ ಎಷ್ಟೋ ಜನ. ಆರೈಕೆ ಮನೆಯಲ್ಲಿ 8 ಗಂಟೆಗೆ ಸಕ್ಕರೆ ಕಾಯಿಲೆ ಮಾತ್ರೆ ಅಥವಾ ಇನ್ಸುಲಿನ್ ಕೊಡುತ್ತಾರೆ. ಸ್ನಾನದ ಸರದಿ ಬರುವುದು ಒಂಬತ್ತೂವರೆಗೆ. ಪೂಜೆ ಮುಗಿದು ತಿಂಡಿ ಮುಟ್ಟುವಾಗ ಹತ್ತು ಗಂಟೆ. ಅಷ್ಟರಲ್ಲಿ ಸಕ್ಕರೆ ಕುಸಿದು ಬೆವರಿ ತಲೆ ಸುತ್ತಬಹುದು. ಇಂಥವರಿಗೆ ಸ್ನಾನ ಮೊದಲು, ಪೂಜೆ ಆಮೇಲೆ, ಮಾತ್ರೆ ತಿಂಡಿಯ ಹೊತ್ತಿಗೆ ಎಂದು ಬರೆಸಿ. ಶ್ರಾವಣ ಸೋಮವಾರದ ಉಪವಾಸ ಇದ್ದರೆ ಅದನ್ನೂ ಹೇಳಿ. ಇವೆಲ್ಲ ಸೇರಬೇಕಾದ ಕಾಗದಕ್ಕೆ ಕೇರ್ ಪ್ಲಾನ್ ಎನ್ನುತ್ತಾರೆ. ಯಾವ ಹೊತ್ತಿಗೆ ಯಾವ ಸಹಾಯ, ಯಾರಿಂದ ಎಂಬ ಪಟ್ಟಿ. ಅದು ಬರಹದಲ್ಲಿ ಇಲ್ಲದಿದ್ದರೆ ಇಲ್ಲವೆಂದೇ ಲೆಕ್ಕ.

6. ದುಡ್ಡಿನ ಲೆಕ್ಕ, ಒಪ್ಪಂದ

ತಿಂಗಳಿಗೆ ಇಷ್ಟು ಎಂದು ಹೇಳುವ ಮೊತ್ತ ಬರೀ ಶುರು. ಅದರ ಮೇಲೆ ಡೈಪರ್, ಔಷಧಿ, ಫಿಸಿಯೋಥೆರಪಿ, ಡಾಕ್ಟರ್ ಭೇಟಿ, ವಿಶೇಷ ಊಟ, ಆಸ್ಪತ್ರೆಗೆ ಜೊತೆಗೆ ಹೋದವರ ಕೂಲಿ ಬರುತ್ತದೆ. ದಿನಕ್ಕೆ ಮೂರು ಡೈಪರ್ ಎಂದರೆ ತಿಂಗಳಿಗೆ 90. ಅಂಗಡಿ ಬೆಲೆಗೆ ಕೊಡುತ್ತಾರಾ, ನೀವೇ ತಂದು ಕೊಡಬಹುದಾ? ಕಳೆದ ತಿಂಗಳ ಒಂದು ನಿಜವಾದ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಲು ಕೇಳಿ.

ಕೇರ್ ಲೆವೆಲ್ ಎಂಬ ಮಾತು ಬರುತ್ತದೆ. ಸಹಾಯ ಜಾಸ್ತಿ ಬೇಕಾದಂತೆ ಶುಲ್ಕ ಏರುವ ಮೆಟ್ಟಿಲು ಅದು. ಮೇಲಿನ ಮೆಟ್ಟಿಲಿಗೆ ಹಾಕುವುದನ್ನು ಯಾರು ತೀರ್ಮಾನಿಸುತ್ತಾರೆ, ನಿಮಗೆ ಎಷ್ಟು ದಿನ ಮೊದಲು ತಿಳಿಸುತ್ತಾರೆ ಎಂದು ಬರೆಸಿ. ಠೇವಣಿ ವಾಪಸ್ ಎಷ್ಟು, ಎಷ್ಟು ದಿನದಲ್ಲಿ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಶುಲ್ಕ ಇದೆಯಾ? ತಿಂಗಳ ಮಧ್ಯದಲ್ಲಿ ತೀರಿಕೊಂಡರೆ ಉಳಿದ ಹಣ? ಕೇಳಲು ಬಾಯಿ ಬರುವುದಿಲ್ಲ, ನಿಜ. ಆದರೂ ಸಹಿ ಹಾಕುವ ಮೊದಲೇ ಕೇಳಿ. ಯಾವ ಸ್ಥಿತಿ ಬಂದರೆ "ನಮ್ಮಿಂದ ಆಗಲ್ಲ, ಕರ್ಕೊಂಡು ಹೋಗಿ" ಎನ್ನುತ್ತಾರೆ ಎಂಬುದನ್ನೂ ಕೇಳಿ.

ಆಯುಷ್ಮಾನ್ ಕಾರ್ಡ್ ಇದೆ, ಅದರಲ್ಲಿ ಆಗುತ್ತಾ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಅದು ಆಸ್ಪತ್ರೆಯ ಚಿಕಿತ್ಸೆಗೆ, ಆರೈಕೆ ಮನೆಯ ತಿಂಗಳ ಶುಲ್ಕಕ್ಕಲ್ಲ.

7. ಕಾಗದ ಪತ್ರ

ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ, ಸಾಕು ಎಂದು ನೆಮ್ಮದಿಯಾಗಿ ಇರುವವರು ಇದನ್ನು ಓದಿ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೇ ಮುಗಿಯುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಂ. ಅಂದರೆ ಡಿಮೆನ್ಷಿಯಾ ಬಲಿತಾಗ, ನಿಮಗೆ ಅದು ಬೇಕಾದ ಹೊತ್ತಿನಲ್ಲೇ ಕೈ ಕೊಡುತ್ತದೆ. ಡಿಮೆನ್ಷಿಯಾ ಎಂದರೆ ದಿನದ ಬದುಕನ್ನೇ ಕೆಡಿಸುವ ಮಟ್ಟದ ಮರೆವಿನ ಕಾಯಿಲೆ. ಅವರಿಗೆ ತಿಳುವಳಿಕೆ ಇರುವಾಗಲೇ ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಮಾಡಿ. ನಾಮಿನಿ ಹೆಸರು ಸರಿಪಡಿಸಿ. ಉಯಿಲು ಬರೆಯುವ ಇಷ್ಟ ಅವರಿಗಿದ್ದರೆ ಅದೂ ಆಗಲಿ.

ಇದು ಹಿರಿಯರಿಗೇ ಹೇಳುವ ಮಾತು. ಮನೆ ಮಾರಿ ದುಡ್ಡನ್ನು ಮಗನ ಕೈಗೆ ಕೊಟ್ಟು ಆರೈಕೆ ಮನೆಗೆ ಹೋಗಬೇಡಿ. ದಾನಪತ್ರ ಮಾಡಿಕೊಡುವುದಾದರೆ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಬರಹದಲ್ಲಿ ಇಲ್ಲದಿದ್ದರೆ ಕೇಸು ಕಷ್ಟ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ನ್ಯಾಯಮಂಡಳಿಗೆ. 60 ದಾಟಿದವರು ಜೀವನಾಂಶ ಕೇಳುವುದೂ ಅಲ್ಲೇ.

ಪಿಂಚಣಿ ಬರುತ್ತಿದ್ದರೆ ನವೆಂಬರ್ ನೆನಪಿಡಿ. ಜೀವನ ಪ್ರಮಾಣ ಪತ್ರ, ಅಂದರೆ ಬದುಕಿದ್ದಾರೆ ಎಂಬ ದಾಖಲೆ, ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಸವೆದವರಿಗೆ ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡುವ ವಿಧಾನ ಇದೆ. ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕಿಲ್ಲ.

8. ಮೊದಲು ಹದಿನೈದು ದಿನ, ಆಮೇಲೆ ಆರು ವಾರ

ಸಾಧ್ಯವಾದರೆ ನೇರವಾಗಿ ಸೇರಿಸಬೇಡಿ. ರೆಸ್ಪೈಟ್ ಕೇರ್ ಎಂದು ಕೇಳಿ. ಮನೆಯವರಿಗೆ ಬಿಡುವು ಸಿಗಲೆಂದು ಕೆಲವು ದಿನದ ಮಟ್ಟಿಗೆ ಇಟ್ಟುಕೊಳ್ಳುವ ವ್ಯವಸ್ಥೆ ಅದು. ಹದಿನೈದು ದಿನ ಇದ್ದು ಬಂದರೆ ಅವರಿಗೂ ಗೊತ್ತಾಗುತ್ತದೆ, ನಿಮಗೂ.

ಜೊತೆಗೆ ಹೊಸ ಬೆಡ್‌ಶೀಟ್ ಕಳಿಸಬೇಡಿ. ಹಳೇ ಕೌದಿ ಕಳಿಸಿ. ದೇವರ ಫೋಟೋ, ಮೊಮ್ಮಕ್ಕಳ ಫೋಟೋ, ಅವರದೇ ಲೋಟ. ಕನ್ನಡಕ, ಹಲ್ಲಿನ ಸೆಟ್, ಕಿವಿಯಂತ್ರದ ಡಬ್ಬಿ, ಎಲ್ಲದರ ಮೇಲೂ ಹೆಸರು ಬರೆಯಿರಿ. ಇವು ಅದಲು ಬದಲಾಗುವಷ್ಟು ಬೇರೆ ಏನೂ ಆಗುವುದಿಲ್ಲ. ಬಂಗಾರ ಮನೆಗೆ ತನ್ನಿ. ಬಳೆ ತೆಗೆಯಲು ಒಪ್ಪದಿದ್ದರೆ ಫೋಟೋ ತೆಗೆದು ಸಂಸ್ಥೆಯವರಿಂದ ಸಹಿ ಹಾಕಿಸಿ. ಒಂದು ಹಾಳೆಯಲ್ಲಿ ಅವರ ಬಗ್ಗೆ ಬರೆದು ಕೊಡಿ: ಏನೆಂದು ಕರೆದರೆ ತಿರುಗುತ್ತಾರೆ, ಯಾವ ಕಿವಿ ಕೇಳುತ್ತದೆ, ಮೂರನೇ ಹಂತದಲ್ಲಿ ಅವರು ಹೇಳಿದ್ದೇನು. ಗಿರಣಿಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದವರು ನಸುಕಿಗೇ ಎದ್ದು ಕೂರುವುದು ಕಾಯಿಲೆಯಲ್ಲ, ಅಭ್ಯಾಸ. ಅಲ್ಲಿಯವರಿಗೆ ಅದು ಗೊತ್ತಿರಬೇಕು.

ಸೇರಿಸಿದ ಮೇಲೆ ಮೊದಲ ಆರು ವಾರ ಗೊಂದಲ, ಅಳು, ಸಿಟ್ಟು ಜಾಸ್ತಿ ಆಗಬಹುದು. "ಯಾವಾಗ ಕರ್ಕೊಂಡು ಹೋಗ್ತೀ?" ಎಂದು ಕೇಳುತ್ತಾರೆ. "ನಾಳೆ" ಎನ್ನಬೇಡಿ. "ಭಾನುವಾರ ನಾನು ಬರ್ತೀನಿ" ಎನ್ನಿ, ಭಾನುವಾರ ಹೋಗಿ. ಆದರೆ ಒಂದೆರಡು ದಿನದಲ್ಲೇ ಆಳೇ ಬದಲಾದಂತೆ ಕಂಡರೆ ಅದು ಮನೆಯ ನೆನಪಲ್ಲ. ಸೋಂಕೋ ಮಾತ್ರೆಯ ಎಡವಟ್ಟೋ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ತಿಂಗಳಿಗೊಮ್ಮೆ ತೂಕ ನೋಡಲು ಹೇಳಿ. 50 ಕೆ.ಜಿ. ಇದ್ದವರು ಒಂದು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದರೆ ಸುಮ್ಮನಿರಬೇಡಿ. ಮೈ ಒರೆಸುವ ನೆಪದಲ್ಲಿ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿ ನೀವೇ ನೋಡಿ. ಬೆಡ್‌ಸೋರ್ ಮೊದಲು ಕಾಣುವುದು ಅಲ್ಲೇ. ಒತ್ತಿದರೂ ಹೋಗದ ಕೆಂಪು ಅದರ ಶುರು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಎಂದು ಮುಟ್ಟಿ ನೋಡಿ.

ದೂರು ಇದ್ದರೆ ಮೊದಲು ಬಾಯಲ್ಲಿ, ಆಮೇಲೆ ಬರಹದಲ್ಲಿ, ದಿನಾಂಕ ಹಾಕಿ. ಶುಲ್ಕ, ಠೇವಣಿ ಜಗಳಕ್ಕೆ ಗ್ರಾಹಕ ಸಹಾಯವಾಣಿ 1915. ಹೊಡೆತ, ಬೈಗುಳ, ಊಟ ಕೊಡದಿರುವುದು ಕಂಡರೆ 14567. ಜೀವಕ್ಕೇ ಅಪಾಯ ಎನಿಸಿದರೆ 112.

ಮನೆಯ ವಿಷಯದಲ್ಲಿ ಅವಸರ ಬೇಡ. ಕನಿಷ್ಠ ಮೂರು ತಿಂಗಳು ಬಾಡಿಗೆಗೆ ಕೊಡಬೇಡಿ, ಗ್ಯಾಸ್ ಸಂಪರ್ಕ ವಾಪಸ್ ಮಾಡಬೇಡಿ, ಮಂಚ ಯಾರಿಗೂ ಕೊಡಬೇಡಿ. ಒಂದು ಬೀಗದ ಕೈ ಅವರ ಹತ್ತಿರವೇ ಇರಲಿ.